ಡೈನಾಸ್ಟೀಸ್ ಆಫ್ ಇಂಡಿಯಾ: ಕಾಲಾಳು ಗಟ್ಟಿ, ಕುದುರೆ ಲಾಯ ಖಾಲಿ

ಶಿವಮೊಗ್ಗ, 14 ಜುಲೈ 2024, ಭಾನುವಾರ

ಸೈನ್ಯ ಕಟ್ಟಿ ಕಾದಾಡುವ ಕಂಪ್ಯೂಟರ್ ಆಟ ‘ಏಜ್ ಆಫ್ ಎಂಪೈರ್ಸ್ 2: ಡೆಫಿನಿಟಿವ್ ಎಡಿಷನ್’ಗೆ ‘ಡೈನಾಸ್ಟೀಸ್ ಆಫ್ ಇಂಡಿಯಾ’ ಎಂಬ ಹೆಚ್ಚುವರಿ ಭಾಗ ಬಂದದ್ದು 2022ರ ಏಪ್ರಿಲ್ 28ರಂದು. ಅಲ್ಲಿಯವರೆಗೆ ಇಡೀ ಉಪಖಂಡಕ್ಕೆ ‘ಇಂಡಿಯನ್ಸ್’ ಅಂತ ಒಂದೇ ಸಿವ್ (ಆಟಗಾರ ಆರಿಸಿಕೊಳ್ಳುವ ನಾಗರಿಕತೆ) ಇತ್ತು. ಅದಕ್ಕೆ ಹಿಂದೂಸ್ತಾನಿಗಳು ಎಂದು ಹೆಸರು ಬದಲಿಸಿ, ಬಂಗಾಳಿ, ದ್ರಾವಿಡ, ಗುರ್ಜರ ಎಂದು ಇನ್ನೂ ಮೂರನ್ನು ಸೇರಿಸಿದರು. ನಮ್ಮ ಕಡೆಯವರು ಕೊಂಡ ಕೂಡಲೇ ದ್ರಾವಿಡರನ್ನೇ ಆರಿಸುವುದು ಸಹಜ. ಹಾಗಾಗಿ ಇವತ್ತಿನ ಬರಹ ಹೆಚ್ಚುಕಡಿಮೆ ಅವರದ್ದೇ.

ಮೊದಲು ಬಲ. ಬ್ಯಾರಕ್ಸ್ ಅಂದರೆ ಕಾಲಾಳುಗಳನ್ನು ತಯಾರಿಸುವ ಕಟ್ಟಡ. ಬ್ಯಾರಕ್ಸ್‌ನ ಎಲ್ಲ ತಂತ್ರಜ್ಞಾನಗಳೂ ದ್ರಾವಿಡರಿಗೆ ಅರ್ಧ ಬೆಲೆಗೆ ಸಿಗುತ್ತವೆ. ಓದುವಾಗ ಸಣ್ಣದೆನಿಸುವ ಈ ರಿಯಾಯಿತಿಯ ಬೆಲೆ ಚಿನ್ನದ ಲೆಕ್ಕ ಹಾಕಿದಾಗ ಗೊತ್ತಾಗುತ್ತದೆ. ಆಟ ಶುರುವಾಗುವಾಗ ಕೈಯಲ್ಲಿರುವುದು 100 ಚಿನ್ನ. ಮಿಲಿಷಿಯಾ ಎಂಬ ಮೊದಲ ದರ್ಜೆಯ ಕಾಲಾಳು ಒಬ್ಬನಿಗೆ 20 ಚಿನ್ನ, ಎಲ್ಲರಿಗೂ ಒಟ್ಟಿಗೆ ಮುಂದಿನ ದರ್ಜೆಯಾದ ಮ್ಯಾನ್-ಅಟ್-ಆರ್ಮ್ಸ್‌ಗೆ ಬಡ್ತಿ ಕೊಡಲು 40. ಬೇರೆ ಸಿವ್‌ಗಳಲ್ಲಿ ಮೂವರು ಮಿಲಿಷಿಯಾ ಮತ್ತು ಬಡ್ತಿಗೆ ಚಿನ್ನ ಮುಗಿದೇ ಹೋಗುತ್ತದೆ. ದ್ರಾವಿಡರಿಗೆ ಬಡ್ತಿ 20ಕ್ಕೇ ಸಿಗುವುದರಿಂದ ಒಂದು ಚೂರು ಚಿನ್ನವನ್ನೂ ಅಗೆಯದೆ ನಾಲ್ವರು ಹೊರಡುತ್ತಾರೆ. ಆರಂಭದ ದಾಳಿಯಲ್ಲಿ ಆ ನಾಲ್ಕನೆಯವನು ದೊಡ್ಡ ವ್ಯತ್ಯಾಸ ಮಾಡುತ್ತಾನೆ.

ಇದು ಕೆಡುವುದು ಎರಡು ಕಡೆ. ಒಂದು, ಅಭ್ಯಾಸಬಲದಿಂದ ಮೊದಲೇ ಲೂಮ್ (ಕೆಲಸಗಾರರಾದ ವಿಲೇಜರ್‌ಗಳನ್ನು ಗಟ್ಟಿ ಮಾಡುವ ತಂತ್ರಜ್ಞಾನ) ಒತ್ತಿಬಿಡುವುದು. ಅದಕ್ಕೆ 50 ಚಿನ್ನ ಹೋದರೆ ಉಳಿದದ್ದು ಇಬ್ಬರಿಗೆ ಮಾತ್ರ ಸಾಕು, ಬಡ್ತಿಗೆ ಇಲ್ಲ. ಈ ದಾರಿ ಹಿಡಿದರೆ ಲೂಮ್ ಮುಂದೂಡಲೇಬೇಕು, ಹಂದಿ ಹೊಡೆಯುವಾಗ ಕಣ್ಣು ಬೇರೆಡೆ ಹೋಗಬಾರದು. ಇನ್ನೊಂದು ಸಮಯ. ಆಟದಲ್ಲಿ ಒಂದಾದ ಮೇಲೊಂದು ಏಜ್ (ಯುಗ) ಏರಬೇಕು, ಫ್ಯೂಡಲ್ ಎರಡನೆಯದು. ಫ್ಯೂಡಲ್‌ಗೆ ಏರಲು 130 ಸೆಕೆಂಡ್, ನಾಲ್ವರು ಮಿಲಿಷಿಯಾಗೆ 84 ಸೆಕೆಂಡ್, ಒಬ್ಬನೇ ಕಟ್ಟಿದರೆ ಬ್ಯಾರಕ್ಸ್‌ಗೆ 50. ಕೂಡಿಸಿದರೆ 134. ಇಬ್ಬರನ್ನು ಹಚ್ಚಿ ಕಟ್ಟಿಸಿದರೆ ಏಜ್ ಏರುವಷ್ಟರಲ್ಲಿ ನಾಲ್ವರೂ ಎದುರಾಳಿಯ ಮರದ ಸಾಲಿನ ದಾರಿ ಹಿಡಿದಿರುತ್ತಾರೆ. ಫ್ಯೂಡಲ್ ಬಟನ್ ಒತ್ತುವ ಮೊದಲೇ ಮಿಲಿಷಿಯಾ ಹಾಕಬೇಡಿ, 500 ಆಹಾರ ಕೂಡುವುದೇ ತಡವಾಗುತ್ತದೆ.

ಪ್ರತಿ ಏಜ್ ಏರಿದಾಗಲೂ 200 ಮರ ಪುಕ್ಕಟೆ. ಫ್ಯೂಡಲ್‌ನಲ್ಲಿ ಅದು ಆರ್ಚರಿ ರೇಂಜ್‌ಗೆ (175) ಮತ್ತು ಒಂದು ಮನೆಗೆ (25) ಅಳೆದು ಕೊಟ್ಟಂತಿದೆ. ರೇಂಜ್‌ನಿಂದ ಸ್ಕರ್ಮಿಷರ್‌ಗಳನ್ನೇ ತೆಗೆಯಿರಿ. ದ್ರಾವಿಡರ ಸ್ಕರ್ಮಿಷರ್ ಶೇ 25ರಷ್ಟು ವೇಗವಾಗಿ ಎಸೆಯುತ್ತಾನೆ. ಉಳಿದವರದ್ದು 3 ಸೆಕೆಂಡಿಗೊಂದು ಈಟಿಯಾದರೆ ಇವನದ್ದು 2.4ಕ್ಕೆ. ಚಿನ್ನವೂ ಬೇಡ.

ಇನ್ನು ಕೊರತೆ. ಮೂರನೆಯದಾದ ಕ್ಯಾಸಲ್ ಏಜ್‌ಗೆ ಬಂದರೆ ದ್ರಾವಿಡರ ಕೈಯಲ್ಲಿ ನೈಟ್ (ಭಾರಿ ಕವಚದ ಕುದುರೆ ಸವಾರ) ಇಲ್ಲ, ಒಂಟೆ ಇಲ್ಲ. ಇರುವ ಲೈಟ್ ಕ್ಯಾವಲ್ರಿಗೂ ಬ್ಲಡ್‌ಲೈನ್ಸ್, ಹಸ್ಬೆಂಡ್ರಿ ಎಂಬ ತಂತ್ರಜ್ಞಾನಗಳು ಎರಡೂ ಸಿಗುವುದಿಲ್ಲ. ಅಂದರೆ ಆಯಸ್ಸಿನಲ್ಲಿ 20 ಕಡಿಮೆ, ಓಟದಲ್ಲೂ ಹಿಂದೆ. ಅರೇಬಿಯಾದಂಥ ಬಯಲು ನಕ್ಷೆಯಲ್ಲಿ ಎದುರಾಳಿ ಆರು ನೈಟ್‌ಗಳನ್ನು ಎರಡು ಗುಂಪು ಮಾಡಿ ನುಗ್ಗಿಸಿದರೆ ಅಟ್ಟಿಸಿಕೊಂಡು ಹೋಗಲು ಯಾರೂ ಇರುವುದಿಲ್ಲ. ಕುದುರೆಗೆ ಎದುರು ನಿಲ್ಲುವ ಈಟಿಗಾರನಾದ ಪೈಕ್‌ಮನ್ ಬಡ್ತಿ 90ರ ಬದಲು 45 ಚಿನ್ನಕ್ಕೇ ಸಿಗುತ್ತದೆ ನಿಜ, ಆದರೆ ಪೈಕ್‌ಮನ್ ತಲುಪುವಷ್ಟರಲ್ಲಿ ನೈಟ್ ಇನ್ನೊಂದು ಗದ್ದೆಯಲ್ಲಿರುತ್ತಾನೆ. ಬೆನ್ನಟ್ಟುವ ಆಸೆ ಬಿಟ್ಟು, ಪ್ರತಿ ಮರದ ಸಾಲಿಗೂ ಮೂರು ಮೂರು ಪೈಕ್ ನಿಲ್ಲಿಸಿ, ಬೇಲಿ ಮುಚ್ಚಿ, ಶತ್ರುವನ್ನು ನಮ್ಮ ಕಡೆಗೆ ಒಲಿಸಿಕೊಳ್ಳುವ ಇಬ್ಬರು ಮಾಂಕ್‌ಗಳನ್ನು ಇಟ್ಟುಕೊಳ್ಳುವುದೇ ಉಪಾಯ.

ಆಟದ ಸಮತೋಲನಕ್ಕೆ ಇದು ಸರಿ ಇರಬಹುದು, ಇತಿಹಾಸಕ್ಕೆ ಅರ್ಧ ಮಾತ್ರ ಸರಿ. ದಕ್ಷಿಣದಲ್ಲಿ ಒಳ್ಳೆಯ ಕುದುರೆ ತಳಿ ಬೆಳೆಯುತ್ತಿರಲಿಲ್ಲ, ಆದರೆ ದುಡ್ಡು ಕೊಟ್ಟು ತರಿಸುತ್ತಿದ್ದರು. ನಮ್ಮ ಘಟ್ಟ ಇಳಿದರೆ ಸಿಗುವ ಭಟ್ಕಳ, ಹೊನ್ನಾವರದಂಥ ಬಂದರುಗಳ ಮೂಲಕವೇ ಅರಬ್ ಕುದುರೆಗಳು ಮೇಲೆ ಹೋದದ್ದು. ಗೋವಾಕ್ಕೆ ಬರುವ ಕುದುರೆಗಳೆಲ್ಲ ತಮಗೇ ಸಿಗಬೇಕೆಂದು 1547ರಲ್ಲಿ ವಿಜಯನಗರ ಪೋರ್ಚುಗೀಸರ ಜೊತೆ ಒಪ್ಪಂದವನ್ನೇ ಮಾಡಿಕೊಂಡಿತ್ತು. ಸೊರಬ, ಶಿಕಾರಿಪುರದ ಕಡೆಯ ವೀರಗಲ್ಲುಗಳಲ್ಲೂ ಕುದುರೆ ಸವಾರರಿದ್ದಾರೆ. ಡಾಕ್‌ನಲ್ಲಿ (ಆಟದ ಬಂದರು ಕಟ್ಟೆ) ದುಬಾರಿ ಚಿನ್ನ ತೆತ್ತು ಕುದುರೆ ಕೊಳ್ಳುವ ಒಂದು ಬಟನ್ ಇಟ್ಟಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಚೋಳ, ಚಾಲುಕ್ಯ, ಹೊಯ್ಸಳ, ವಿಜಯನಗರ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ, ಸೈನಿಕರ ಬಾಯಲ್ಲಿ ತಮಿಳು ಆಡಿಸಿರುವುದು ಬೇರೆ ತಕರಾರು.

ಕೊನೆಯ ಏಜ್ ಆದ ಇಂಪೀರಿಯಲ್‌ವರೆಗೆ ಬದುಕಿದರೆ ಪಟ್ಟು ತಿರುಗುತ್ತದೆ. ವೂಟ್ಸ್ ಸ್ಟೀಲ್ ತಂತ್ರಜ್ಞಾನ ಕಲಿತ ಮೇಲೆ ಕಾಲಾಳು, ಕುದುರೆ ಸವಾರರ ಹೊಡೆತಕ್ಕೆ ಎದುರಾಳಿಯ ಕವಚ ಲೆಕ್ಕಕ್ಕೇ ಇಲ್ಲ. ಟ್ಯೂಟನ್ ಸಿವ್ ಕಡೆಯ ಭಾರಿ ಕಾಲಾಳು ಎಲೀಟ್ ಟ್ಯೂಟಾನಿಕ್ ನೈಟ್‌ನ ಕವಚ ಪೂರ್ಣ ಬಡ್ತಿಯಲ್ಲಿ 13. 17 ಬಲದ ಚಾಂಪಿಯನ್ (ಮಿಲಿಷಿಯಾದ ಕೊನೆಯ ದರ್ಜೆ) ಹೊಡೆದರೆ ತಾಗುವುದು ಬರೀ 4. ವೂಟ್ಸ್ ಇದ್ದರೆ ಪೂರ್ತಿ 17. ಕವಚವೇ ತೆಳುವಾಗಿರುವ ಬಿಲ್ಲುಗಾರರ ಮೇಲೆ ಇದರಿಂದ ಹೆಚ್ಚೇನೂ ಗಿಟ್ಟುವುದಿಲ್ಲ. ಹಾಗೆಯೇ ದ್ರಾವಿಡರಿಗಷ್ಟೇ ಸಿಗುವ ಉರುಮಿ ಕತ್ತಿಯವರನ್ನು ಬಿಲ್ಲುಗಾರರ ಎದುರು ಒಂಟಿಯಾಗಿ ಬಿಡಬೇಡಿ. ಅವರ ಶಕ್ತಿಯೆಲ್ಲ ಸುತ್ತಲಿದ್ದವರಿಗೂ ತಾಗುವ ಆ ಮೊದಲ ಹೊಡೆತದಲ್ಲಿದೆ, ಮೈಮೇಲಿನ ರಕ್ಷಣೆ ಕಡಿಮೆ.

ರ‍್ಯಾಮ್ (ಕಟ್ಟಡ ಒಡೆಯುವ ದಿಮ್ಮಿ ಯಂತ್ರ) ಬದಲು ಕೊಟ್ಟಿರುವ ಕವಚದ ಆನೆಯ ವಿಷಯದಲ್ಲಿ ತುಂಬ ಜನ ಎಡವುತ್ತಾರೆ. ದ್ರಾವಿಡರಿಗೆ ಸೀಜ್ (ಮುತ್ತಿಗೆ) ಯಂತ್ರಗಳಿಗೆ ಬೇಕಾದ ಮರದಲ್ಲಿ ಶೇ 33 ಕಡಿತವಿದೆ: ಮ್ಯಾಂಗನೆಲ್ 160ರ ಬದಲು ಸುಮಾರು 107 ಮರ, ಸ್ಕಾರ್ಪಿಯನ್ 75ರ ಬದಲು 50. ಆನೆಗೆ ಬೇಕಾದದ್ದು ಆಹಾರ, ಚಿನ್ನ. ಹಾಗಾಗಿ ಕಡಿತ ಅದಕ್ಕೆ ತಾಗುವುದೇ ಇಲ್ಲ. ಒಳಗೆ ಸೈನಿಕರನ್ನು ಕೂರಿಸಲು ಬರುವುದಿಲ್ಲ, ವಿಲೇಜರ್‌ಗಳು ರಿಪೇರಿ ಮಾಡಲಾರರು, ಎದುರಾಳಿಯ ಮಾಂಕ್ ಸುಲಭವಾಗಿ ಒಲಿಸಿಕೊಳ್ಳುತ್ತಾನೆ. ಮೆಡಿಕಲ್ ಕೋರ್ ಕಲಿತರೆ ತಾನಾಗಿ ಗಾಯ ವಾಸಿಯಾಗುತ್ತದೆ ಅನ್ನುವುದೊಂದೇ ಸಮಾಧಾನ.

ಉಳಿದವರ ಬಗ್ಗೆ ಚುಟುಕಾಗಿ: ಗುರ್ಜರರು ಬಿಡುಗಡೆಯಾದಾಗ ಮಿತಿಮೀರಿ ಬಲವಾಗಿದ್ದರು, ಆಮೇಲಿನ ಪ್ಯಾಚ್‌ಗಳಲ್ಲಿ ರೆಕ್ಕೆ ಕತ್ತರಿಸಿದರು. ಬಂಗಾಳಿಗಳು ಆನೆ ಇಷ್ಟಪಡುವವರಿಗೆ. ಬಾಬರ್, ರಾಜೇಂದ್ರ, ದೇವಪಾಲ ಮೂರು ಅಭಿಯಾನಗಳಲ್ಲಿ ತಲಾ ಐದು ಸನ್ನಿವೇಶಗಳಿವೆ. ಕನ್ನಡ ನಾಡಿನ ಅರಸರಿಗೆ ಒಂದೂ ಇಲ್ಲ.

ರ‍್ಯಾಂಕ್ಡ್ (ಆನ್‌ಲೈನ್ ಶ್ರೇಯಾಂಕದ ಪಂದ್ಯ) ಆಡುವುದಾದರೆ ಬಯಲು ನಕ್ಷೆಗಳನ್ನು ಬ್ಯಾನ್ ಮಾಡಿ ನೀರಿನ ನಕ್ಷೆಗಳನ್ನು ಉಳಿಸಿಕೊಳ್ಳಿ. ಮೀನು ದೋಣಿ 15ರ ಬದಲು 30 ಹೊರುತ್ತದೆ, ಪ್ರತಿ ಡಾಕ್ ಐದು ಜನಕ್ಕೆ ಜಾಗ ಕೊಡುವುದರಿಂದ ಒಂದು ಮನೆಯ ಮರ ಉಳಿಯುತ್ತದೆ. ತೀರ್ಥಹಳ್ಳಿ, ಹೊಸನಗರದ ಕಡೆಯವರು ಮಳೆಗಾಲದಲ್ಲಿ ರೌಟರನ್ನೂ ಯುಪಿಎಸ್‌ಗೆ ಸಿಕ್ಕಿಸಿಕೊಳ್ಳಿ. ಮಧ್ಯದಲ್ಲಿ ಕರೆಂಟ್ ಹೋಗಿ ಸಂಪರ್ಕ ಕಡಿದರೆ ಆಟ ಅದನ್ನು ಸೋಲೆಂದೇ ಬರೆದುಕೊಳ್ಳುತ್ತದೆ.