ಹುಲಿ ಗಣತಿಗೆ ಹೊರಟವರು ಎಚ್.ಡಿ. ಕೋಟೆಯ ಲಾಡ್ಜಿನಲ್ಲಿ ಕಾಡಿನ ಸುದ್ದಿ ಎತ್ತಬೇಡಿ

ಎಚ್.ಡಿ. ಕೋಟೆಯ ಲಾಡ್ಜೊಂದರಲ್ಲಿ ರೂಮಿಗೆ 700 ರೂಪಾಯಿ ಎಂದವನು, ನಾನು ಹುಲಿ ಗಣತಿಗೆ ಬಂದವನು ಅಂತ ಗೊತ್ತಾದ ಕೂಡಲೇ ‘ಓ, ಸಫಾರಿಯವ್ರಾ’ ಎಂದು 1,600ಕ್ಕೆ ಏರಿಸಿದ. ಸ್ವಯಂಸೇವಕರಿಗೆ ಸಂಬಳವೂ ಇಲ್ಲ, ಓಡಾಟದ ಖರ್ಚೂ ನಮ್ಮದೇ ಎಂದರೆ ನಕ್ಕ. ಬಿಸಿನೀರಿಲ್ಲ, ಬಾಗಿಲ ಚಿಲಕ ಕೂರುವುದಿಲ್ಲ, ಮೇಲೆ ಅಡ್ವಾನ್ಸ್ ವಾಪಸ್ ಕೊಡಲು ಚಿಲ್ಲರೆ ಇಲ್ಲವಂತೆ! ಆದರೆ ಬೇರೆ ದಾರಿಯೂ ಇರಲಿಲ್ಲ. ಮಾನಂದವಾಡಿ ರಸ್ತೆಯ ಕಾಡಿನ ಗೇಟು ಸಂಜೆ ಆರಕ್ಕೆ ಮುಚ್ಚಿದರೆ ಮತ್ತೆ ತೆರೆಯುವುದು ಬೆಳಿಗ್ಗೆ ಆರಕ್ಕೆ. ಆ ಗೇಟಿನಾಚೆ, ನಾಗರಹೊಳೆ ಕಾಡಿನ ಡಿ.ಬಿ. ಕುಪ್ಪೆ ಕಡೆ ನಿಮ್ಮನ್ನು ಹಾಕಿದ್ದರೆ ಮೈಸೂರಿನಿಂದ ಬೆಳಿಗ್ಗೆಯೇ ಬಸ್ ಹತ್ತಿ, ಕೋಟೆಯಲ್ಲಿ ರಾತ್ರಿ ಕಳೆಯುವ ಪ್ರಮೇಯವೇ ಬರುವುದಿಲ್ಲ.

ಆದರೆ ಊಟಕ್ಕೆ ಕೋಟೆಯಲ್ಲೇ ಇಳಿಯಿರಿ. ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಶೀಟು ಹೊದಿಸಿದ, ಬೋರ್ಡಿಲ್ಲದ ಒಂದು ಹೋಟೆಲಿದೆ. ಅವರೆಕಾಯಿ ಕಾಲವಾದ್ದರಿಂದ ಹಿತ್ಕವರೆ ಸಾರು, ಬಿಸಿ ಮುದ್ದೆ, ಪಕ್ಕದಲ್ಲೊಂದಿಷ್ಟು ಸೊಪ್ಪಿನ ಪಲ್ಯ. ಸಾರಿಗೆ ಹುರಿದು ಅರೆದ ಮಸಾಲೆ. ತೆಂಗಿನಕಾಯಿ ಸುರಿದು ಗಟ್ಟಿ ಮಾಡಿದ್ದಲ್ಲ. ‘ಇನ್ನರ್ಧ ಮುದ್ದೆ ಹಾಕ್ಲೇನಪ್ಪಾ?’ ಎಂದು ಆ ಅಕ್ಕ ಕೇಳಿದಾಗ ಬೇಡ ಅನ್ನಲು ಬಾಯೇ ಬರಲಿಲ್ಲ. ಎಲ್ಲ ಸೇರಿ 60 ರೂಪಾಯಿ. ವಾಪಸ್ ಬರುವಾಗಲೂ ಅಲ್ಲೇ ಉಂಡೆ.

ಇನ್ನು ಕೆಲಸದ ವಿಷಯ. ಹುಲಿ ನೋಡುವ ಆಸೆಯಿದ್ದರೆ ದುಡ್ಡು ಕೊಟ್ಟು ಸಫಾರಿಗೆ ಹೋಗಿ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಈ ಗಣತಿಯಲ್ಲಿ ಹುಲಿಯನ್ನು ಪಟ್ಟೆಯಿಂದ ಗುರುತು ಹಿಡಿಯುವುದು ಆಮೇಲೆ ಕಟ್ಟುವ ಕ್ಯಾಮೆರಾಗಳ ಚಿತ್ರದಿಂದ. ನಮ್ಮದು ಅದಕ್ಕೂ ಮುಂಚಿನ ಕೆಲಸ. ಮೊದಲ ಮೂರು ದಿನ ಬೀಟಿನಲ್ಲಿ, ಅಂದರೆ ಒಬ್ಬ ಗಾರ್ಡಿನ ಸುಪರ್ದಿಯ ಕಾಡಿನಲ್ಲಿ, ದಿನಕ್ಕೆ ಐದು ಕಿ.ಮೀ.ಗೆ ಕಡಿಮೆಯಿಲ್ಲದಂತೆ ನಡೆದು ಹೆಜ್ಜೆ, ಮಲ, ನೆಲ ಕೆರೆದ ಗುರುತು ಹುಡುಕಬೇಕು. ಆಮೇಲೆ ಎರಡು ಕಿ.ಮೀ. ನೇರ ಗೆರೆಯಲ್ಲಿ ಬೆಳಿಗ್ಗೆ ಸದ್ದಿಲ್ಲದೆ ನಡೆದು ಹುಲಿಯ ಬೇಟೆಯಾದ ಜಿಂಕೆ, ಕಡವೆ, ಕಾಟಿ (ಕಾಡೆಮ್ಮೆ) ಎಷ್ಟು ಕಂಡವು, ಎಷ್ಟು ದೂರದಲ್ಲಿ ಎಂದು ಬರೆಯಬೇಕು. ಆ ಗೆರೆಯ ಮೇಲೆ 400 ಮೀಟರಿಗೊಂದು ಕಡೆ ನಿಂತು, ಎರಡು ಮೀಟರ್ ಅಗಲ, ಇಪ್ಪತ್ತು ಮೀಟರ್ ಉದ್ದದ ಪಟ್ಟಿಯಲ್ಲಿ ಹಿಕ್ಕೆ ಎಣಿಸಬೇಕು. ಲಂಟಾನದ ಸಂದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಜಿಂಕೆಯದ್ದು ಯಾವುದು, ಕಡವೆಯದ್ದು ಯಾವುದು ಎಂದು ತಲೆ ಕೆಡಿಸಿಕೊಳ್ಳುವ ಕೆಲಸ. 2022ರ ಗಣತಿಯಲ್ಲಿ ಕರ್ನಾಟಕಕ್ಕೆ 563 ಹುಲಿ ಎಂದು ಪೇಪರಿನಲ್ಲಿ ಓದಿದಾಗ ಈ ಹಿಕ್ಕೆಯ ಲೆಕ್ಕ ಯಾರಿಗೆ ಹೊಳೆದೀತು!

ಕಲಿಯುವುದಿದ್ದರೆ ಅರಣ್ಯ ಇಲಾಖೆಯ ವಾಚರುಗಳ ಹತ್ತಿರ. ನಮ್ಮ ಜೊತೆಗಿದ್ದವರು ಈ ಕಾಡಿನ ಆದಿವಾಸಿಗಳಾದ ಜೇನು ಕುರುಬರು. ದಾರಿಯಲ್ಲಿ ಬಿದ್ದ ಆನೆ ಲದ್ದಿಗೆ ಅಂಗೈ ಹಿಂಭಾಗ ತಾಗಿಸಿ, ‘ಇನ್ನೂ ಬಿಸಿ ಐತೆ ಸಾ, ವಸಿ ನಿಂತ್ಕಳಿ’ ಅಂದರು. ಅಷ್ಟರಲ್ಲೇ ಬಿದಿರು ಮುರಿದ ಸದ್ದು. ನಮ್ಮ ತಂಡದ ಒಬ್ಬ ಮಹಾಶಯ ಆಗಲೂ ರೀಲ್ಸ್ ಮಾಡುತ್ತಿದ್ದ. ಅಂಥವರೊಡನೆ ಹೋಗುವುದಕ್ಕಿಂತ ಗೊತ್ತಿಲ್ಲದ ತಂಡವೇ ವಾಸಿ.

ಕ್ಯಾಂಪಿನಲ್ಲಿ ನೆಲದ ಮೇಲೆ ಮಲಗುವುದು ನನಗೆ ಕಷ್ಟವಾಗಲಿಲ್ಲ, ಅನ್ನ ಸಾರೂ ಚೆನ್ನಾಗಿತ್ತು. ಗೋಳು ಹೊಯ್ದುಕೊಂಡದ್ದು ರಕ್ತ ಹೀರುವ ಉಣ್ಣಿ ಹುಳ. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ, ಸಂಜೆ ಸೊಂಟ, ಕಂಕುಳು ನೋಡಿಕೊಳ್ಳಿ. ಸೆಂಟು, ಬಿಳಿ ಶರ್ಟು ಮನೆಯಲ್ಲಿರಲಿ. ದುಬಾರಿ ಟ್ರೆಕ್ಕಿಂಗ್ ಬೂಟೂ ಬೇಡ. ಹಳೇ ಕ್ಯಾನ್ವಾಸ್ ಶೂ ಸಾಕು, ಒಣಗೆಲೆಯ ಮೇಲೆ ಸದ್ದೂ ಕಡಿಮೆ.