ಎಂಜಿನ್ನಿನ ಟಿಕ್‌ಟಿಕ್ ಸದ್ದೆಲ್ಲ ಟ್ಯಾಪೆಟ್ಟಿನದಲ್ಲ

ನನ್ನ ಹಳೆಯ ಸ್ಪೋರ್ಟ್ಸ್ ಕಾರಿನದು ನಾಲ್ಕು ಸಿಲಿಂಡರ್, ಎರಡು ಕ್ಯಾಮ್‌ಶಾಫ್ಟ್ (ವಾಲ್ವ್‌ಗಳನ್ನು ತೆರೆಯುವ ದಂಡ) ಹಾಗೂ ಅವುಗಳಿಗೂ ವಾಲ್ವ್‌ಗಳಿಗೂ ನಡುವೆ ಹೈಡ್ರಾಲಿಕ್ ಟ್ಯಾಪೆಟ್‌ಗಳಿರುವ ಎಂಜಿನ್. ಇತ್ತೀಚೆಗೆ ಅದನ್ನು ತಣ್ಣಗಿರುವಾಗ ಸ್ಟಾರ್ಟ್ ಮಾಡಿದೊಡನೆ ಹರಿತವಾದ ಟಿಕ್‌ಟಿಕ್ ಸದ್ದೊಂದು ಕೇಳತೊಡಗಿತ್ತು. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಅದು ಬಹುಮಟ್ಟಿಗೆ ಅಡಗಿಹೋಗುತ್ತಿತ್ತು. ಕೇಳಿದವರೆಲ್ಲ ಟ್ಯಾಪೆಟ್ ಎಂದರು. ಆ ಊಹೆಗೆ ಆಧಾರವಿಲ್ಲದಿಲ್ಲ. ಹೈಡ್ರಾಲಿಕ್ ಟ್ಯಾಪೆಟ್ ತನ್ನೊಳಗಿನ ಆಯಿಲ್‌ನ ಒತ್ತಡದಿಂದಲೇ ವಾಲ್ವ್‌ನ ಸಂದನ್ನು ತುಂಬಿಕೊಳ್ಳುತ್ತದೆ. ಗಾಡಿ ಬಹಳ ಹೊತ್ತು ನಿಂತಿದ್ದಾಗ ಆ ಆಯಿಲ್ ಸೋರಿಹೋದರೆ, ಮತ್ತೆ ತುಂಬುವವರೆಗೆ ಟಿಕ್‌ಟಿಕ್ ಎನ್ನುವುದು ಸಹಜ.

ಆದರೆ ಎರಡು ಸಂಗತಿಗಳು ಇದಕ್ಕೆ ಹೊಂದುತ್ತಿರಲಿಲ್ಲ. ಟ್ಯಾಪೆಟ್ ಸಾಮಾನ್ಯವಾಗಿ ಆಯಿಲ್ ತಲುಪಿದೊಡನೆ ಸುಮ್ಮನಾಗುತ್ತದೆ. ನನ್ನ ಕಾರಿನ ಸದ್ದು ಆಯಿಲ್‌ಗಾಗಿ ಅಲ್ಲ, ಶಾಖಕ್ಕಾಗಿ ಕಾಯುತ್ತಿತ್ತು. ಜೊತೆಗೆ, ಎಂಜಿನ್ ಇನ್ನೂ ತಣ್ಣಗಿರುವಾಗ ಏರು ಹತ್ತಿದರೆ ಸದ್ದು ಜೋರಾಗುತ್ತಿತ್ತು, ಆಕ್ಸಿಲರೇಟರ್ ಬಿಟ್ಟೊಡನೆ ತಗ್ಗುತ್ತಿತ್ತು. ವಾಲ್ವ್‌ಗಳನ್ನು ತೆರೆದು ಮುಚ್ಚುವ ಭಾಗಗಳಿಗೆ ಎಂಜಿನ್ ಮೇಲಿನ ಭಾರದಿಂದ ಇಷ್ಟೊಂದು ವ್ಯತ್ಯಾಸವಾಗಬೇಕಾದ ಕಾರಣವಿಲ್ಲ.

ಯಾವುದೇ ಭಾಗವನ್ನು ಬಿಚ್ಚುವ ಮೊದಲು ಆಯಿಲ್ ಮಟ್ಟವನ್ನೂ ಆಯಿಲ್ ಒತ್ತಡವನ್ನೂ ನೋಡಲೇಬೇಕು. ಡ್ಯಾಶ್‌ಬೋರ್ಡಿನ ಮುಳ್ಳನ್ನು ನಂಬದೆ ಪ್ರತ್ಯೇಕ ಗೇಜ್ ಜೋಡಿಸಿ ಅಳೆಯುವುದು ಒಳ್ಳೆಯದು. ಪ್ರತಿ 1000 ಆರ್‌ಪಿಎಮ್‌ಗೆ (ನಿಮಿಷಕ್ಕೆ ಸುತ್ತು) ಸುಮಾರು 10 ಪಿಎಸ್‌ಐ (ಒತ್ತಡದ ಅಳತೆ) ಇರಬೇಕೆಂಬ ಹಳೆಯ ಲೆಕ್ಕ ಒರಟಾದರೂ ಉಪಯೋಗಕ್ಕೆ ಬರುತ್ತದೆ. ಒತ್ತಡ ಕಡಿಮೆಯಿದ್ದು, ಕೆಳಗಿನಿಂದ ಸುತ್ತಿಗೆಯಲ್ಲಿ ಗುದ್ದಿದಂತಹ ದಪ್ಪ ಸದ್ದು ಬರುತ್ತಿದ್ದರೆ ಕನೆಕ್ಟಿಂಗ್ ರಾಡ್ ಬೇರಿಂಗ್ ಸವೆದಿರಬಹುದು; ಅಂತಹ ಕಾರನ್ನು ವರ್ಕ್‌ಶಾಪ್‌ವರೆಗೂ ಓಡಿಸದೆ ಎಳೆದುಕೊಂಡು ಹೋಗಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ನನ್ನ ಕಾರಿನಲ್ಲಿ ಒತ್ತಡ ಸರಿಯಾಗಿಯೇ ಇತ್ತು.

ಮುಂದಿನದು ಸದ್ದಿನ ಲಯ. ಐಡ್ಲಿಂಗ್‌ನಲ್ಲಿ ಎಂಜಿನ್ 900 ಆರ್‌ಪಿಎಮ್‌ನಲ್ಲಿ ತಿರುಗುತ್ತಿದ್ದರೆ ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟ್ ಸೆಕೆಂಡಿಗೆ 15 ಸುತ್ತು ಸುತ್ತುತ್ತದೆ, ಕ್ಯಾಮ್‌ಶಾಫ್ಟ್ ಅದರ ಅರ್ಧ, ಅಂದರೆ ಏಳೂವರೆ ಸುತ್ತು. ಕಿವಿಗೆ ಇದನ್ನು ಎಣಿಸಲಾಗದು. ಫೋನಿನಲ್ಲಿ ರೆಕಾರ್ಡ್ ಮಾಡಿ ನಿಧಾನವಾಗಿ ಕೇಳಿದರೆ ಎಣಿಸಬಹುದು. ಪ್ಲಗ್ಗಿನ ಕಿಡಿಗೆ ತಕ್ಕಂತೆ ಮಿನುಗುವ ಟೈಮಿಂಗ್ ಲೈಟ್ ಇದ್ದರೆ ಇನ್ನೂ ಸುಲಭ. ಕಿಡಿಯನ್ನು ಸಿಲಿಂಡರ್‌ಗಳಿಗೆ ಸರದಿಯಂತೆ ಹಂಚುವ ಡಿಸ್ಟ್ರಿಬ್ಯೂಟರ್ ಇರುವ ಎಂಜಿನ್ನಿನಲ್ಲಿ ಮೊದಲನೆಯ ಸಿಲಿಂಡರಿನ ಪ್ಲಗ್ ವೈರಿಗೆ ಅದನ್ನು ಸಿಕ್ಕಿಸಿದರೆ ಎರಡು ಸುತ್ತಿಗೊಮ್ಮೆ ಬೆಳಕು ಮಿನುಗುತ್ತದೆ. ಸದ್ದು ಮಿನುಗಿಗೊಂದರಂತೆ ಬಂದರೆ ಅದು ಕ್ಯಾಮ್‌ಶಾಫ್ಟ್‌ನ ವೇಗದ್ದು, ಎರಡು ಬಂದರೆ ಕ್ರ್ಯಾಂಕ್‌ಶಾಫ್ಟ್‌ನ ವೇಗದ್ದು. (ಎರಡೆರಡು ಸಿಲಿಂಡರ್‌ಗಳಿಗೆ ಒಟ್ಟಿಗೆ ಕಿಡಿ ಕೊಡುವ ಇಗ್ನಿಷನ್ ಇದ್ದರೆ ಪ್ರತಿ ಸುತ್ತಿಗೂ ಬೆಳಕು ಬರುತ್ತದೆಯಾದ್ದರಿಂದ ಲೆಕ್ಕ ಬದಲಾಗುತ್ತದೆ.) ನನ್ನ ಎಂಜಿನ್ನಿನ ಸದ್ದು ಮಿನುಗಿಗೊಂದರಂತೆ ಬರುತ್ತಿತ್ತು.

ಇಲ್ಲಿಗೆ ಟ್ಯಾಪೆಟ್ ಎಂದವರ ಮಾತು ಸಾಬೀತಾದಂತೆ ತೋರುತ್ತದೆ, ಆದರೆ ಆಗಿಲ್ಲ. ನಾಲ್ಕು ಸ್ಟ್ರೋಕ್ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರ್ ತನ್ನ ಹೊಗೆಯನ್ನು ಹೊರಹಾಕುವುದೂ ಎರಡು ಸುತ್ತಿಗೊಮ್ಮೆಯೇ. ಎಲ್ಲ ಸಿಲಿಂಡರ್‌ಗಳ ಹೊಗೆಯನ್ನು ಒಟ್ಟುಗೂಡಿಸುವ ಎಕ್ಸಾಸ್ಟ್ ಮ್ಯಾನಿಫೋಲ್ಡ್, ಎಂಜಿನ್ನಿನ ಮೇಲ್ಭಾಗವಾದ ಸಿಲಿಂಡರ್ ಹೆಡ್ಡಿಗೆ ಕೂಡುವ ಜಾಗದಲ್ಲಿ ಸಣ್ಣ ಸಂದು ಬಿಟ್ಟಿದ್ದರೆ, ಆ ಒಂದು ಸಿಲಿಂಡರಿನ ಅನಿಲ ಪ್ರತಿ ಸಲ ಅದರ ಮೂಲಕ ಸಿಡಿಯುತ್ತದೆ, ಮತ್ತು ಅದರ ಸದ್ದು ಟ್ಯಾಪೆಟ್ಟಿನ ಸದ್ದನ್ನು ಅಚ್ಚರಿಯಾಗುವಷ್ಟು ಹೋಲುತ್ತದೆ. ಭಾರ ಬಿದ್ದಾಗ ಹೆಚ್ಚು ಇಂಧನ ಉರಿಯುವುದರಿಂದ ಸದ್ದು ಏರುತ್ತದೆ. ಲೋಹ ಬಿಸಿಯಾಗಿ ಹಿಗ್ಗಿದಾಗ ಸಂದು ಮುಚ್ಚಿಕೊಳ್ಳುತ್ತದೆ. ನನಗೆ ಹೊಂದದೆ ಉಳಿದಿದ್ದ ಎರಡು ಸಂಗತಿಗಳೂ ಇಲ್ಲಿ ತಮ್ಮ ಜಾಗಕ್ಕೆ ಬಂದು ಕೂತವು.

ಟ್ಯಾಪೆಟ್ಟಿನ ಸದ್ದನ್ನೂ ಸೋರಿಕೆಯ ಸದ್ದನ್ನೂ ಬೇರ್ಪಡಿಸುವ ಪರೀಕ್ಷೆ ಸರಳವಾಗಿದೆ. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಒಂದೊಂದೇ ಸಿಲಿಂಡರಿನ ಇಂಜೆಕ್ಟರ್‌ನ (ಪೆಟ್ರೋಲ್ ಸಿಂಪಡಿಸುವ ಭಾಗ) ವಿದ್ಯುತ್ ಕನೆಕ್ಟರನ್ನು ಕೆಲವೇ ಕ್ಷಣ ಕಳಚಿ ಮತ್ತೆ ಹಾಕಬೇಕು. ಪ್ಲಗ್ ವೈರನ್ನು ಎಳೆಯುವ ಅಭ್ಯಾಸ ಹಲವರಿಗಿದೆ. ಅದರಿಂದ ಕೈಗೆ ಹೈ ವೋಲ್ಟೇಜ್ ಹೊಡೆಯಬಹುದು, ಉರಿಯದ ಪೆಟ್ರೋಲ್ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸೇರಿ ಅದನ್ನು ಕೆಡಿಸಬಹುದು. ಸಿಲಿಂಡರಿನಲ್ಲಿ ಇಂಧನ ಉರಿಯದಿದ್ದರೂ ಅದರ ವಾಲ್ವ್‌ಗಳು ಎಂದಿನಂತೆ ಆಡುತ್ತಲೇ ಇರುತ್ತವೆ, ಹಾಗಾಗಿ ಟ್ಯಾಪೆಟ್ಟಿನ ಸದ್ದು ನಿಲ್ಲುವುದಿಲ್ಲ. ಸೋರಿಕೆಯ ಸದ್ದು ಮಾತ್ರ ಅಡಗುತ್ತದೆ. ನಾಲ್ಕನೆಯ ಸಿಲಿಂಡರಿನ ಕನೆಕ್ಟರ್ ಕಳಚಿದೊಡನೆ ನನ್ನ ಎಂಜಿನ್ ನಡುಗಿತು, ಟಿಕ್‌ಟಿಕ್ ಸದ್ದು ಅಡಗಿತು. ತಣ್ಣಗಿನ ಪಿಸ್ಟನ್ ಸಿಲಿಂಡರಿನ ಗೋಡೆಗೆ ಬಡಿಯುವ ಸದ್ದೂ ಹೀಗೆಯೇ ಅಡಗಬಹುದಾದ್ದರಿಂದ ಇಷ್ಟಕ್ಕೆ ತೀರ್ಮಾನ ಮಾಡಲಾಗದು.

ಮರುದಿನ ಎಂಜಿನ್ ಪೂರ್ತಿ ತಣ್ಣಗಿದ್ದಾಗ ಸೈಲೆನ್ಸರಿನ ಬಾಯಿಗೆ ಬ್ಲೋವರ್‌ನಿಂದ ಗಾಳಿ ಊದಿಸಿ, ಮ್ಯಾನಿಫೋಲ್ಡ್ ಕೂಡುವ ಜಾಗಕ್ಕೆಲ್ಲ ಸೋಪಿನ ನೀರು ಸಿಂಪಡಿಸಿದೆ. ಹಿಂಬದಿಯ ತುದಿಯಲ್ಲಿ, ನಾಲ್ಕನೆಯ ಸಿಲಿಂಡರಿನ ಬಳಿ, ನೊರೆ ಎದ್ದಿತು. ಮ್ಯಾನಿಫೋಲ್ಡನ್ನು ಹೆಡ್ಡಿಗೆ ಬಿಗಿಯುವ ಅಲ್ಲಿನ ಸ್ಟಡ್ (ತಲೆಯಿಲ್ಲದ ಬೋಲ್ಟ್) ತುಂಡಾಗಿತ್ತು. ಎರಡರ ನಡುವಿನ ಸಂದನ್ನು ಮುಚ್ಚುವ ಗ್ಯಾಸ್ಕೆಟ್ಟಿನ ಅಂಚಿನಲ್ಲಿ ಮಸಿಯ ಗೆರೆಯೊಂದು ಮೂಡಿತ್ತು. ತುದಿಯ ಸ್ಟಡ್ ಮುರಿಯುವುದು ಆಕಸ್ಮಿಕವಲ್ಲ. ಮ್ಯಾನಿಫೋಲ್ಡ್ ಹೆಡ್ಡಿಗಿಂತ ಎಷ್ಟೋ ಪಾಲು ಹೆಚ್ಚು ಕಾಯುತ್ತದೆ, ಉದ್ದಕ್ಕೂ ಹಿಗ್ಗಿ ಕುಗ್ಗುತ್ತದೆ, ಆ ಚಲನೆಯೆಲ್ಲ ಸೇರಿ ಅತಿ ಹೆಚ್ಚಾಗುವುದು ತುದಿಗಳಲ್ಲಿ. ವರ್ಷಗಟ್ಟಲೆ ಹೀಗೆ ಎಳೆದಾಡಿಸಿಕೊಂಡ ಸ್ಟಡ್ ಕೊನೆಗೆ ಸೋಲುತ್ತದೆ.

ಮುರಿದ ತುಂಡನ್ನು ತೆಗೆಯಲು ಪೆನಿಟ್ರೇಟಿಂಗ್ ಆಯಿಲ್ ಮತ್ತು ಬಹಳ ತಾಳ್ಮೆ ಬೇಕಾಯಿತು. ಮ್ಯಾನಿಫೋಲ್ಡಿನ ಮುಖ ಬಾಗಿಲ್ಲವೆಂದು ನೇರ ಪಟ್ಟಿಯಿಟ್ಟು ನೋಡಿ, ಹೊಸ ಗ್ಯಾಸ್ಕೆಟ್ ಮತ್ತು ಎಲ್ಲ ಸ್ಟಡ್‌ಗಳನ್ನೂ ಹೊಸದಾಗಿ ಹಾಕಿ, ನಡುವಿನಿಂದ ತುದಿಗಳ ಕಡೆಗೆ ಹಂತಹಂತವಾಗಿ ಟಾರ್ಕ್ ರೆಂಚ್‌ನಲ್ಲಿ ಬಿಗಿದೆ. ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿದಾಗ ಈಗ ಮೊದಲ ಕೆಲವು ಸೆಕೆಂಡ್ ಮಾತ್ರ ಮೇಲಿನಿಂದ ಮೃದುವಾದ ಟಕಟಕ ಕೇಳಿ ನಿಲ್ಲುತ್ತದೆ. ಅದು ನಿಜವಾಗಿಯೂ ಟ್ಯಾಪೆಟ್‌ಗಳದು. ಮುಂದಿನ ಸಲ ಆಯಿಲ್ ಬದಲಿಸುವಾಗ, ಆಯಿಲ್ ಹಿಂದಕ್ಕೆ ಇಳಿಯದಂತೆ ತಡೆಯುವ ವಾಲ್ವ್ ಸರಿಯಾಗಿರುವ ಫಿಲ್ಟರ್ ಹಾಕಿ ಅದನ್ನೂ ಗಮನಿಸಬೇಕೆಂದಿದ್ದೇನೆ.