ಮೊದಲ ಸಾಲು ಎಲ್ಲಿದೆ?

ಗೆಳತಿಯೊಬ್ಬಳು ನಿದ್ದೆಯ ಬಗ್ಗೆ ಬರೆದ ಬ್ಲಾಗ್ ಬರಹ ಕಳಿಸಿದ್ದಳು. ಮೊದಲ ಸಾಲು: ‘ಇಂದಿನ ವೇಗದ ಬದುಕಿನಲ್ಲಿ ನಿದ್ದೆ ಎಲ್ಲರಿಗೂ ಬಹಳ ಮುಖ್ಯ.’ ಇದು ಯಾರಿಗೆ ಗೊತ್ತಿಲ್ಲ ಹೇಳಿ? ಗೊತ್ತಿರುವುದನ್ನೇ ಮತ್ತೆ ಓದಲು ಯಾರೂ ನಿಲ್ಲುವುದಿಲ್ಲ. ಆದರೆ ನಾಲ್ಕನೇ ಪ್ಯಾರಾದಲ್ಲಿ ಒಂದು ಸಾಲು ಸಿಕ್ಕಿತು: ‘ನಡುರಾತ್ರಿ ಎಚ್ಚರವಾದರೆ ಗಡಿಯಾರ ಮಾತ್ರ ನೋಡಬೇಡಿ.’ ಇದನ್ನೇ ಎತ್ತಿ ಮೇಲಿಡು ಅಂದೆ. ಅಷ್ಟೇ, ಇಡೀ ಬರಹ ಎದ್ದು ಕೂತಿತು. ಯಾಕೆ ನೋಡಬಾರದು ಅಂತ ತಿಳಿಯುವ ತನಕ ಓದುವವರು ಬಿಡುವುದಿಲ್ಲ, ಅಲ್ವಾ?

ಕರಡುಗಳನ್ನು ಓದುವಾಗ ಜಾಸ್ತಿ ಕಾಣುವುದು ಇದೇ. ಒಳ್ಳೆಯ ಆರಂಭ ಬರಹದೊಳಗೇ ಎಲ್ಲೋ ಇರುತ್ತದೆ. ವಿಷಯದ ಹತ್ತಿರ ಬರಲು ಬರೆಯುವವರಿಗೆ ಒಂದೆರಡು ಪ್ಯಾರಾ ಬೇಕಾಗುತ್ತದೆ. ಓದುವವರಿಗೆ ಅದು ಬೇಕಿಲ್ಲ. ಅದಕ್ಕೇ ಮೊದಲ ಸಾಲನ್ನು ಕೊನೆಗೆ ಬರೆಯುವುದು ನನಗೆ ಇಷ್ಟ.

ಫೋನಿನಲ್ಲಂತೂ ಎಷ್ಟೋ ಕಡೆ ಶೀರ್ಷಿಕೆಯ ಕೆಳಗೆ ಎರಡು ಮೂರು ಸಾಲು ಮಾತ್ರ ಕಾಣುತ್ತವೆ. ಉಳಿದದ್ದೆಲ್ಲ ‘ಇನ್ನಷ್ಟು ಓದಿ’ ಒತ್ತಿದ ಮೇಲೆ. ಪತ್ರಿಕೆಯ ಸುದ್ದಿಯಲ್ಲಿ ಯಾರು, ಏನು, ಎಲ್ಲಿ, ಯಾವಾಗ ಎಂಬುದು ಮೊದಲೇ ಬರುತ್ತದೆ. ಬ್ಲಾಗಿಗೆ ಅಷ್ಟು ಬಿಗಿ ಬೇಡ. ಒಂದು ಪ್ರಶ್ನೆ, ಒಂದು ಸಣ್ಣ ವಿವರ, ಯಾರೋ ಆಡಿದ ಮಾತು, ಯಾವುದಾದರೂ ಸಾಕು. ಆದರೆ ‘ಇದನ್ನು ಓದಿದರೆ ಬೆಚ್ಚಿಬೀಳುತ್ತೀರಿ’ ಥರದ ಸಾಲು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಸುಮ್ನೆ ಕುತೂಹಲ ಹುಟ್ಟಿಸಿ ಏನೂ ಕೊಡದಿದ್ದರೆ ಓದುವವರ ಸಮಯಕ್ಕೆ ಬೆಲೆಯೇ ಇಲ್ಲವಾ?

ಈಚೆಗೆ ಯಾವ ಬರಹದ ಮೊದಲ ಸಾಲು ನಿಮ್ಮನ್ನು ಹಿಡಿದು ಕೂರಿಸಿತು? ಹೇಳಿ, ನಾನೂ ಓದಬೇಕು.